ಸೀಬೆಹಣ್ಣಿನ ಚಾಕು

ನನ್ನ ಗಂಡ ಮುದ್ದುರಂಗಪ್ಪನವರು ಆಯುಧ ಬಚ್ಚಿಟ್ಟುಕೊಂಡು ಊರೊಳಗೆ ಓಡಾಡುತ್ತಾರೆ ಎಂದು ದೂರು ಕೊಟ್ಟರಲ್ಲ, ಆ ಸುದ್ದಿ ಕೇಳಿದಾಗ ನನಗೆ ಮೊದಲು ಬಂದದ್ದು ನಗು. ಆಮೇಲೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಜಿರಲೆ ಕಂಡರೆ ಹೊಡೆಯದೆ ಕಾಗದದ ಚೂರಿನ ಮೇಲೆ ಹತ್ತಿಸಿಕೊಂಡು ಹೊರಗೆ ಬಿಟ್ಟು ಬರುವ ಮನುಷ್ಯ ಅವರು. ಬಸ್ ಸ್ಟ್ಯಾಂಡಿನಲ್ಲಿ ನಮ್ಮದೊಂದು ಗೋಲಿಸೋಡಾ ಅಂಗಡಿ ಇದೆ. ಗೋಲಿ ಒತ್ತಿದ ಸದ್ದಿಗೆ ಗಿರಾಕಿ ಬೆಚ್ಚಿಬಿದ್ದರೆ ‘ತಪ್ಪಾಯ್ತು ಸ್ವಾಮಿ’ ಅನ್ನುತ್ತಾರೆ. ಇಂಥವರು ಆಯುಧಧಾರಿಯಂತೆ! ನನ್ನ ಬಾಯಲ್ಲಿ ಹಲ್ಲಿಲ್ಲ, ಆದರೆ ನಾಲಿಗೆ ಇದೆ. ಆದದ್ದನ್ನು ಆದ ಹಾಗೆ ಹೇಳಿಬಿಡುತ್ತೇನೆ, ನ್ಯಾಯ ಯಾವುದು ಅನ್ನುವುದನ್ನು ನೀವೇ ನೋಡಿ.

ನಮ್ಮೂರಿನಲ್ಲಿ ಅಲಗನ್ನು ಮುಚ್ಚಿಟ್ಟರೆ ಅದು ಗುಂಯ್ಗುಡುತ್ತದೆ. ಚಾಕುವಾಗಲಿ, ಕತ್ತರಿಯಾಗಲಿ, ಕುಡುಗೋಲಾಗಲಿ, ಬಟ್ಟೆಯಡಿಗೋ ಪೆಟ್ಟಿಗೆಯೊಳಕ್ಕೋ ಮಣ್ಣಿನ ಕೆಳಗೋ ಸೇರಿಸಿದಿರಿ ಅಂದರೆ ದುಂಬಿ ಸಿಕ್ಕಿಹಾಕಿಕೊಂಡ ಹಾಗೆ ಸದ್ದು ಶುರು. ಹೊರಗೆ ತೆಗೆದರೆ ಸುಮ್ಮನಾಗುತ್ತದೆ. ಹೀಗಾಗಿ ನಮ್ಮ ಅಡಿಗೆಮನೆಗಳಲ್ಲಿ ಚಾಕುಗಳು ದೇವರ ಪಟದ ಪಕ್ಕದಲ್ಲೇ ಮೊಳೆಗೆ ನೇತಾಡುತ್ತವೆ. ಈಳಿಗೆಮಣೆಯ ಮೇಲೆ ಮರೆತು ಒದ್ದೆ ಬಟ್ಟೆ ಹರವಿದ ಸೊಸೆಗೆ ಬೀದಿಯ ಆ ತುದಿಯಿಂದಲೇ ಬೈಗುಳ ಬರುತ್ತದೆ. ಟೈಲರುಗಳು ಕತ್ತರಿಯನ್ನು ಕೊರಳಿಗೆ ತೂಗಿಹಾಕಿಕೊಂಡೇ ಊಟಕ್ಕೆ ಕೂರುತ್ತಾರೆ. ಕ್ಷೌರದ ಹನುಮಯ್ಯ ತನ್ನ ಕತ್ತಿಗಳನ್ನೆಲ್ಲ ಬಿಚ್ಚಿದ ಕೊಡೆಯ ಕಡ್ಡಿಗಳಿಗೆ ಕಟ್ಟಿಕೊಂಡು ಮನೆಮನೆಗೆ ಹೋಗುತ್ತಾನೆ. ಗಾಳಿ ಬೀಸಿದರೆ ಅವು ಒಂದಕ್ಕೊಂದು ತಾಗಿ ಟಿಣಿಟಿಣಿ ಅನ್ನುತ್ತವೆ, ಗಡ್ಡ ಬಂದವರು ಹೊರಗೆ ಬಂದು ಕೂರುತ್ತಾರೆ. ಹೊರಗಿನಿಂದ ಬಂದವರಿಗೆ ಇದೆಲ್ಲ ವಿಚಿತ್ರ. ನಮಗೆ ಅದರ ಬಗ್ಗೆ ಮಾತಾಡುವುದಕ್ಕೂ ಏನಿಲ್ಲ.

ಊರಿಗೊಂದು ಕಟ್ಟಳೆ ಇದೆ: ಮುಚ್ಚಿದ ಅಲಗು ಆಯುಧ, ಬಿಚ್ಚಿದ ಅಲಗು ಸಾಮಾನು. ಹುಟ್ಟಿದ ಕೂಸಿನ ಕಿವಿಯಲ್ಲಿ ಹೆಸರು ಹೇಳಿದ ಮೇಲೆ ಎರಡನೆಯದಾಗಿ ಹೇಳುವುದೇ ಇದನ್ನು. ಇದನ್ನು ಕಾಯುವುದಕ್ಕೆ ಒಬ್ಬ ಕಿವಿಗಾರ ಇರುತ್ತಾನೆ. ಬೀದಿಗಳಲ್ಲಿ ಸುಮ್ಮನೆ ಓಡಾಡುತ್ತ ಎಲ್ಲಿ ಗುಂಯ್ ಅನ್ನುತ್ತದೆ ಎಂದು ಕೇಳುವುದೇ ಅವನ ಕೆಲಸ. ತೀರ್ಮಾನ ಮಾಡುವುದಕ್ಕೆ ಕೇಳುಮನೆ ಇದೆ, ಅಲ್ಲಿ ಮೂವರು ಹಿರಿಯರು. ತಪ್ಪು ಸಾಬೀತಾದರೆ ಬಲಗೈಗೆ ಬಿಳಿ ಬಟ್ಟೆ ಕಟ್ಟುತ್ತಾರೆ. ಅದಕ್ಕೆ ಬರಿಗೈ ಅನ್ನುತ್ತೇವೆ. ಬರಿಗೈಯಾದವರು ಮತ್ತೆ ಜನ್ಮದಲ್ಲಿ ಯಾವ ಅಲಗನ್ನೂ ಮುಟ್ಟುವ ಹಾಗಿಲ್ಲ, ತರಕಾರಿ ಹೆಚ್ಚುವುದಕ್ಕೂ ನೆರೆಮನೆಯವರನ್ನು ಕರೆಯಬೇಕು. ಟೈಲರ್ ಚೌಡಪ್ಪ ಬರಿಗೈಯಾದ ಮೇಲೆ ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟ, ಆಮೇಲೊಂದು ದಿನ ಸಂಸಾರ ಸಮೇತ ಊರೇ ಬಿಟ್ಟ. ಕಟ್ಟಿಸಿಕೊಂಡವರಲ್ಲಿ ತಲೆಯೆತ್ತಿ ಓಡಾಡಿದವರನ್ನು ನಾನು ನೋಡಿರಲಿಲ್ಲ.

ಇನ್ನು ಉಗ್ರಪ್ಪ. ಊರಿನ ಅರ್ಧ ಅವನದು, ಮಿಕ್ಕರ್ಧದ ಮೇಲೆ ಅವನ ಕಣ್ಣು. ಮೊಣಕೈಯುದ್ದದ ಮಚ್ಚೊಂದನ್ನು ಎದೆಗೆ ಅಡ್ಡಲಾಗಿ ಕಟ್ಟಿಕೊಂಡೇ ಮನೆಯಿಂದ ಹೊರಡುತ್ತಾನೆ. ಹುಣಸೆಹಣ್ಣು ಹಾಕಿ ಉಜ್ಜಿಸಿ ಉಜ್ಜಿಸಿ ಅದು ಕನ್ನಡಿಯಾಗಿದೆ. ಯಾರ ಮನೆಗಾದರೂ ಮಾತಾಡುವುದಕ್ಕೆ ಹೋದರೆ ಮೊದಲು ಮಚ್ಚು ಬಿಚ್ಚಿ ಮನೆಯವರ ಮುಂದೆ ಇಡುತ್ತಾನೆ, ಆಮೇಲೆ ನೀರು ಕೇಳುತ್ತಾನೆ. ಅವನು ಇವತ್ತಿನವರೆಗೆ ಯಾರಿಗೂ ಹೊಡೆದಿಲ್ಲ, ಹೊಡೆಯುವ ಪ್ರಮೇಯವೇ ಬಂದಿಲ್ಲ. ಅವನ ಹಿತ್ತಲಿಗೆ ತಾಗಿದ ಜಾಗ ಇದ್ದವರೆಲ್ಲ ತಾವಾಗಿಯೇ ಒಪ್ಪಿಕೊಂಡು ಬಿಟ್ಟುಕೊಟ್ಟಿದ್ದಾರೆ. ಅವನ ಮಚ್ಚಿನಿಂದ ಒಂದು ಸದ್ದು ಬಂದದ್ದಿಲ್ಲ, ಕಿವಿಗಾರ ಅದರ ಎದುರು ನಿಂತು ನಮಸ್ಕಾರ ಮಾಡಿ ಹೋಗುತ್ತಾನೆ. ಯಾಕೆಂದರೆ ಅದು ಆಯುಧವಲ್ಲ. ಬಿಚ್ಚಿಟ್ಟ ಸಾಮಾನು!

ನನ್ನ ಗಂಡನ ಚಾಕುವಿನ ಕತೆಗೆ ಬರುತ್ತೇನೆ. ಕೆಲವು ವರ್ಷದ ಹಿಂದೆ ನನಗೊಂದು ಕಾಯಿಲೆ ಬಂತು. ಅದು ಹೋಗುವಾಗ ನನ್ನ ಹಲ್ಲುಗಳನ್ನು ಕರೆದುಕೊಂಡು ಹೋಯಿತು, ಕೈಗಳಿಗೆ ನಡುಕ ಕೊಟ್ಟು ಹೋಯಿತು. ಲೋಟ ಹಿಡಿದರೆ ಅರ್ಧ ಕಾಫಿ ಸೀರೆಗೆ. ಹಲ್ಲು ಹೋದದ್ದಕ್ಕೆ ನಾನು ಅಳಲಿಲ್ಲ, ಸೀಬೆಹಣ್ಣು ಹೋಯಿತಲ್ಲ ಎಂದು ಅತ್ತೆ. ಚಿಕ್ಕಂದಿನಿಂದ ನನಗೆ ಆ ಹಣ್ಣೆಂದರೆ ಪ್ರಾಣ. ಅದನ್ನು ನನ್ನ ಗಂಡ ಕೇಳಿಸಿಕೊಂಡರು. ಮಾರನೇ ದಿನ ಹೊರಗಿನ ಬಸ್ಸಿನಲ್ಲಿ ಬಾಚಣಿಗೆ, ಸೂಜಿ ಮಾರಿಕೊಂಡು ಬಂದಿದ್ದ ಒಬ್ಬನ ಹತ್ತಿರ ಮಡಚುವ ಚಾಕು ಕೊಂಡರು. ಕೋಡಿನ ಹಿಡಿ, ನನ್ನ ಕಿರುಬೆರಳಿಗಿಂತ ಚೂರು ಉದ್ದದ ಅಲಗು. ಸಂಜೆ ಅಂಗಡಿಯ ಮುಂದಿನ ಕಲ್ಲಿನ ಮೇಲೆ ನನ್ನನ್ನು ಕೂರಿಸಿಕೊಂಡು, ಬೀಜದ ತಿರುಳು ತೆಗೆದು, ಹಣ್ಣನ್ನು ಎಷ್ಟು ತೆಳ್ಳಗೆ ಹೆಚ್ಚಿದರೆಂದರೆ ಹೋಳಿನ ಆಚೆ ಬದಿಯ ಬೆಳಕು ಕಾಣುತ್ತಿತ್ತು. ಉಪ್ಪುಕಾರ ಸವರಿ ನಾಲಿಗೆಯ ಮೇಲಿಟ್ಟರು. ಒಸಡಿಗೆ ಒತ್ತಿದರೆ ಕರಗಿತು. ಅವತ್ತಿನಿಂದ ಅದು ನಮ್ಮ ಸಂಜೆಯ ಪದ್ಧತಿಯಾಯಿತು.

ಮಡಚುವ ಚಾಕು ನಮ್ಮೂರಿನವರು ಕಂಡ ಸಾಮಾನಲ್ಲ. ಅದರ ಅಲಗು ತನ್ನ ಹಿಡಿಯೊಳಗೇ ಅಡಗಿಕೊಳ್ಳುತ್ತದೆ. ಹಾಗಾಗಿ ಮಡಚಿ ಮೇಜಿನ ಮೇಲೆ ಎಲ್ಲರೆದುರಿಗೆ ಇಟ್ಟರೂ ಸಣ್ಣಗೆ ಗುಂಯ್ ಅನ್ನುತ್ತಲೇ ಇರುತ್ತದೆ. ಬಿಚ್ಚಿದರೆ ಸುಮ್ಮನಿರುತ್ತದೆ, ಆದರೆ ಬಿಚ್ಚಿದ ಚಾಕುವನ್ನು ಜೇಬಿಗೆ ಹಾಕಿಕೊಳ್ಳುವುದು ಹೇಗೆ? ಅವರು ಮಡಚಿಯೇ ಅಂಗಿಯ ಜೇಬಿಗೆ ಹಾಕಿಕೊಂಡರು. ಆ ಸದ್ದು ಎಲ್ಲರಿಗೂ ರೂಢಿಯಾಯಿತು. ಬೀದಿಯಲ್ಲಿ ಗುಂಯ್ ಅಂದರೆ ‘ಸೋಡಾ ತಾತ ಬಂದ್ರು’ ಎಂದು ಮಕ್ಕಳು ಓಡಿಬರುತ್ತಿದ್ದವು, ತಲೆಗೊಂದು ಹೋಳು ಸಿಗುತ್ತಿತ್ತು. ಕಿವಿಗಾರ ಸಣ್ಣಲಿಂಗ ದಿನಾ ಸಂಜೆ ನಮ್ಮ ಅಂಗಡಿಯ ಹತ್ತಿರವೇ ಸುಳಿದಾಡುತ್ತಿದ್ದ. ಅವನಿಗೆ ಉಪ್ಪುಕಾರ ಜಾಸ್ತಿ ಬೇಕು. ಆಯುಧ ಎನ್ನುವ ಮಾತು ಯಾರ ಬಾಯಲ್ಲೂ ಬಂದಿರಲಿಲ್ಲ.

ಹಾಗಿರುವಾಗ ಉಗ್ರಪ್ಪ ಊರಿನ ಸಭೆ ಕರೆದ. ಬಸ್ ಸ್ಟ್ಯಾಂಡಿನ ಅಂಗಡಿಸಾಲು ಹಳೆಯದಾಯಿತು, ಅದನ್ನು ಕೆಡವಿ ತಾನೇ ಹೊಸದು ಕಟ್ಟಿಸುತ್ತೇನೆ ಅಂದ. ಕಟ್ಟಿಸಿದ ಮೇಲೆ ಅದು ಯಾರದಾಗುತ್ತದೆ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಮಚ್ಚನ್ನು ಬಿಚ್ಚಿ ಮೇಜಿನ ಮೇಲಿಟ್ಟ. ಒಮ್ಮೆ ಎಡದಿಂದ ಬಲಕ್ಕೆ ನೋಡಿದ. “ಯಾರಿಗಾದ್ರೂ ಬ್ಯಾಡ ಅಂತಿದ್ರೆ ಈಗ್ಲೇ ಹೇಳ್ಬುಡಿ. ಆಮ್ಯಾಕೆ ನನ್ನ ದೂರಬಾರ್ದು.” ಕೂತವರೆಲ್ಲ ತಮ್ಮ ತಮ್ಮ ಕಾಲುಬೆರಳು ನೋಡಿಕೊಂಡರು. ಉಸಿರಾಡುವುದೂ ಕೇಳಿಸುವಷ್ಟು ಮೌನ. ಆ ಮೌನದಲ್ಲಿ ಗಂಡಸರ ಸಾಲಿನಿಂದ ಸಣ್ಣಗೆ ಗುಂಯ್ ಅನ್ನುವುದು ಇಡೀ ಸಭೆಗೆ ಕೇಳಿಸಿತು.

ಉಗ್ರಪ್ಪ ಮುಖ ಗಂಟಿಕ್ಕಿದ. “ಯಾರ್ಲಾ ಅದು?” ನನ್ನ ಗಂಡ ಗಾಬರಿಯಿಂದ ಎದ್ದು ನಿಂತು ಕೈಮುಗಿದರು. “ನಂದೇ ಸ್ವಾಮಿ. ಸೀಬೆಹಣ್ಣು ಕುಯ್ಯೋದು.” ಅಷ್ಟೇ ಅಂದದ್ದು. ಯಾರೋ ಒಬ್ಬರು ಕಿಸಕ್ಕೆಂದರು. ಆಮೇಲೆ ಹಿಂದಿನ ಸಾಲು, ಆಮೇಲೆ ಹೆಂಗಸರು, ಸಭೆಗೆ ಸಭೆಯೇ ನಕ್ಕಿತು. ಎಷ್ಟೋ ಕಾಲದಿಂದ ಒಳಗೆ ಕಟ್ಟಿಕೊಂಡಿದ್ದ ನಗು ಅದು, ನಿಲ್ಲಿಸಲು ಆಗಲಿಲ್ಲ. ಮೇಜಿನ ಮೇಲಿನ ಮಚ್ಚು ಆಗ ತೆಂಗಿನಕಾಯಿ ಸುಲಿಯುವುದಕ್ಕೆ ತಂದಿಟ್ಟ ಹಾಗೆ ಕಾಣುತ್ತಿತ್ತು. ನಗುವಿನ ನಡುವೆ ಹೋಟೆಲಿನ ರಾಚವ್ವ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ, “ಅಂಗಡಿ ಸಾಲು ಈಗ್ಲೇ ಚೆನ್ನಾಗೈತೆ, ಇದ್ದಂಗೇ ಇರ್ಲಿ ಬುಡಿ” ಅಂದುಬಿಟ್ಟಳು. ಹೌದು ಹೌದು ಎಂದು ನಾಲ್ಕು ಕಡೆಯಿಂದ ದನಿ ಬಂತು. ಉಗ್ರಪ್ಪ ಮಚ್ಚು ಎತ್ತಿಕೊಂಡು ಹೊರಟುಹೋದ. ಬಾಗಿಲಿನಲ್ಲಿ ತಿರುಗಿ ನನ್ನ ಗಂಡನನ್ನು ಒಮ್ಮೆ ನೋಡಿದ. ಆ ನೋಟ ನನಗೆ ಚೆನ್ನಾಗಿ ನೆನಪಿದೆ.

ಮಾರನೇ ದಿನ ಬೆಳಿಗ್ಗೆ ಸಣ್ಣಲಿಂಗ ಅಂಗಡಿಗೆ ಬಂದ. ಕಲ್ಲಿನ ಮೇಲೆ ಕೂರಲಿಲ್ಲ, ಸೋಡಾ ಕೊಟ್ಟರೂ ಮುಟ್ಟಲಿಲ್ಲ. “ತಾಯಕ್ಕ, ನನ್ನ ಬೈಬ್ಯಾಡಿ. ಉಗ್ರಪ್ನೋರು ದೂರು ಕೊಟ್ಟವ್ರೆ. ಬಚ್ಚಿಟ್ಟ ಆಯುಧ ಅಂತ. ಚಾಕು ಕೊಡ್ಬೇಕಂತೆ, ತಾತನೂ ಕೇಳುಮನೆಗೆ ಬರ್ಬೇಕಂತೆ” ಅಂದ. ನನಗೆ ಮೈಯೆಲ್ಲ ಉರಿದುಹೋಯಿತು. “ಇಷ್ಟು ದಿನ ನಿನ್ನ ಕಿವೀಗೆ ಏನು ಹತ್ತಿ ಇಟ್ಕಂಡಿದ್ದಾ? ಉಪ್ಪುಕಾರ ಸಾಲ್ದು ಅಂತಿದ್ದೋನು ಯಾರು?” ಅಂದೆ. ನನ್ನ ಗಂಡ ಮಾತ್ರ ಜೇಬಿನಿಂದ ಚಾಕು ತೆಗೆದು, ಪಂಚೆಯ ಅಂಚಿನಿಂದ ಒರೆಸಿ ಅವನ ಕೈಗಿಟ್ಟರು. “ಅವ್ನೇನ್ ಮಾಡ್ತಾನೆ ಬುಡೇ. ಅವ್ನ ಕೆಲ್ಸ ಅದು.” ಅಂಥ ಸಾಧುತನ ಕಂಡರೆ ನನಗೆ ಉಗ್ರಪ್ಪನಿಗಿಂತ ಇವರ ಮೇಲೆಯೇ ಸಿಟ್ಟು ಬರುತ್ತದೆ.

ಆದರೆ ಒಳಗೆ ಹೆದರಿಕೆ ಶುರುವಾಗಿತ್ತು. ಇವರನ್ನು ಬರಿಗೈ ಮಾಡಿಬಿಟ್ಟರೆ? ಅಂಗಡಿಯಲ್ಲಿ ನಿಂಬೆಹಣ್ಣು ಕುಯ್ಯುವವರು ಯಾರು? ನನ್ನ ಕೈಗೆ ಚಾಕು ಕೊಟ್ಟರೆ ನಿಂಬೆಹಣ್ಣು ಒಂದು ಕಡೆ, ಬೆರಳು ಒಂದು ಕಡೆ. ಅದಕ್ಕಿಂತ ಹೆಚ್ಚಾಗಿ, ಸಂಜೆ ಆ ಕಲ್ಲಿನ ಮೇಲೆ ಇವರು ಸುಮ್ಮನೆ ಕೈ ಮಡಚಿ ಕೂರುವುದನ್ನು ನಾನು ನೋಡಬೇಕಲ್ಲ. ಆ ಮನುಷ್ಯನಿಗೆ ಪ್ರೀತಿಯ ಮಾತು ಬರುವುದಿಲ್ಲ. ಇಷ್ಟು ವರ್ಷದಲ್ಲಿ ಒಂದು ಸಲವೂ ಬಂದಿಲ್ಲ. ಅವರಿಗೆ ಬರುವುದು ಹಣ್ಣನ್ನು ತೆಳ್ಳಗೆ ಹೆಚ್ಚುವುದು ಮಾತ್ರ.

ಕೇಳುಮನೆಯಲ್ಲಿ ಊರೇ ಸೇರಿತ್ತು. ಮೂವರು ಹಿರಿಯರಲ್ಲಿ ಮಾತಾಡುವವರು ಪಂಚಾಕ್ಷರಯ್ಯನವರು, ಮಿಕ್ಕಿಬ್ಬರು ತಲೆ ಆಡಿಸುವವರು. ಮುಂದಿನ ಬೆಂಚಿನಲ್ಲಿ ಉಗ್ರಪ್ಪ ಎದೆಯ ಮೇಲೆ ಮಚ್ಚು ಹೊಳೆಸಿಕೊಂಡು ಕೂತಿದ್ದ. ಮೇಜಿನ ಮೇಲೆ ಕಂಚಿನ ತಟ್ಟೆ, ಅದರೊಳಗೆ ನಮ್ಮ ಚಾಕು. ಮಡಚಿಟ್ಟರು, ಗುಂಯ್ ಅಂದಿತು. ಬಿಚ್ಚಿದರು, ಸುಮ್ಮನಾಯಿತು. ಪಂಚಾಕ್ಷರಯ್ಯನವರು ಅದನ್ನು ಅರ್ಧ ಮಡಚಿ ಕಿವಿಯ ಹತ್ತಿರ ಹಿಡಿದರು. ಅರ್ಧ ಗುಂಯ್ ಅಂದಿತು. ಮೂವರೂ ಒಬ್ಬರಿಂದ ಒಬ್ಬರು ಕಿತ್ತುಕೊಂಡು ಮಡಚುವುದು ಬಿಚ್ಚುವುದು ಮಾಡಿದರು, ಮಕ್ಕಳಿಗೆ ಗಿಲಕಿ ಸಿಕ್ಕಿದ ಹಾಗೆ. ಕೊನೆಗೆ ಪಂಚಾಕ್ಷರಯ್ಯನವರು ಗಂಟಲು ಸರಿಮಾಡಿಕೊಂಡು, “ಮಡಚಿದಾಗ ಅಲಗು ಮುಚ್ಚಿಕೊಳ್ಳುತ್ತೆ. ಮುಚ್ಚಿದ ಅಲಗು ಆಯುಧ. ಇದು ಸ್ಪಷ್ಟವಾಗಿದೆ” ಅಂದರು.

ನನಗೆ ತಡೆಯಲಾಗಲಿಲ್ಲ, ಎದ್ದೆ. “ಅಯ್ನೋರೇ, ನಂದೊಂದು ಮಾತು. ಬಚ್ಚಿಟ್ಟಿದ್ದು ಅಂದ್ರೆ ಯಾರ್ಗೂ ಗೊತ್ತಾಗ್ದಂಗೆ ಇಟ್ಕಳೋದು ತಾನೇ? ನಮ್ಮೋರ ಚಾಕು ಹತ್ತು ಮನೆ ಆಚೆಯಿಂದ್ಲೇ ಕೇಳಿಸ್ತದೆ. ಹಾಲು ಕುಡಿಯೋ ಕೂಸಿಗೂ ಗೊತ್ತು. ಊರಿಗೆಲ್ಲ ಕೇಳಿಸೋದು ಬಚ್ಚಿಟ್ಟಿದ್ದು ಹೆಂಗಾಯ್ತದೆ?” ಪಂಚಾಕ್ಷರಯ್ಯನವರು ಮೆಲ್ಲಗೆ ನಕ್ಕರು. “ಬಚ್ಚಿಟ್ಟಿರೋದರಿಂದ ತಾನೇ ತಾಯಿ ಕೇಳಿಸೋದು?” ಸಭೆಯವರು ಆಹಾ ಅಂದರು. ನಾನು ಬಿಡಲಿಲ್ಲ. “ಹಂಗಾದ್ರೆ ಅಗಾ, ಅಲ್ಲಿ ಕೂತವ್ರಲ್ಲ ಎದೆ ಮ್ಯಾಲೆ ಇಟ್ಕಂಡು, ಅದೇನು? ಅದ್ರಲ್ಲಿ ಯಾವ ಹಣ್ಣು ಕುಯ್ತಾರೆ?” ಉಗ್ರಪ್ಪ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಪಂಚಾಕ್ಷರಯ್ಯನವರೇ ಅವಸರವಾಗಿ, “ಅದು ಬಿಚ್ಚಿದ ಅಲಗು. ಸಾಮಾನು. ಅದರ ಮಾತು ಇಲ್ಲಿ ಬರೋದಿಲ್ಲ” ಅಂದರು. ಮೊಣಕೈಯುದ್ದದ್ದು ಸಾಮಾನು, ಕಿರುಬೆರಳಿನಷ್ಟದ್ದು ಆಯುಧ. ಓದುಬರಹ ಬಲ್ಲವರು ಇದನ್ನು ಹೇಳಿದರು, ಊರು ಕೇಳಿಸಿಕೊಂಡಿತು, ಯಾರಿಗೂ ನಾಚಿಕೆಯಾಗಲಿಲ್ಲ.

ಆದರೆ ಪಂಚಾಕ್ಷರಯ್ಯನವರೂ ನಮ್ಮ ಅಂಗಡಿಯ ಸೋಡಾ ಕುಡಿದವರೇ. ಇತ್ತ ಉಗ್ರಪ್ಪನಿಗೂ ಬೇಸರವಾಗಬಾರದು, ಅತ್ತ ಊರಿನವರ ಬಾಯಿಗೂ ಬೀಳಬಾರದು. ಮೂವರೂ ಗುಸುಗುಸು ಮಾಡಿ ಒಂದು ದಾರಿ ಹುಡುಕಿದರು. “ಮುದ್ದುರಂಗಪ್ಪ, ನಿನ್ನ ವಯಸ್ಸು ನೋಡಿ ಬರಿಗೈ ಮಾಡ್ತಿಲ್ಲ. ಚಾಕು ನಿನ್ನ ಹತ್ರವೇ ಇರಲಿ. ಆದರೆ ಇನ್ನು ಮೇಲೆ ಮಡಚಬಾರದು. ಎಲ್ಲಿಗೆ ಒಯ್ದರೂ ಬಿಚ್ಚಿಕೊಂಡೇ, ಎಲ್ಲರಿಗೂ ಕಾಣೋ ಹಾಗೆ ಒಯ್ಯಬೇಕು.” ದೊಡ್ಡ ಮನಸ್ಸು ಮಾಡಿದರೆಂದು ಸಭೆ ತಲೆದೂಗಿತು. ನನ್ನ ಗಂಡ ಕೈಮುಗಿದರು. ನಾನೂ, ಸುಳ್ಳು ಯಾಕೆ ಹೇಳಲಿ, ಉಸಿರು ಬಿಟ್ಟೆ. ಆ ದಾರಿ ಎಲ್ಲಿಗೆ ಹೋಗುತ್ತದೆ ಎಂದು ನನಗೂ ಹೊಳೆದಿರಲಿಲ್ಲ.

ಮಾರನೇ ದಿನ ಅಂಗಡಿಗೆ ಹೊರಟೆವು. ನನ್ನ ಗಂಡ ಬಿಚ್ಚಿದ ಚಾಕುವನ್ನು ಮುಷ್ಟಿಯಲ್ಲಿ ಹಿಡಿದು, ಕಟ್ಟಳೆಗೆ ಲೋಪವಾಗದ ಹಾಗೆ ಎದೆಮಟ್ಟಕ್ಕೆ ಎತ್ತಿಕೊಂಡು ನಡೆದರು. ಗುಂಯ್ ಅನ್ನುವ ಸದ್ದಿಲ್ಲ. ಹಾಗಾಗಿ ನಾವು ಬರುವುದು ಯಾರಿಗೂ ಮೊದಲೇ ತಿಳಿಯಲಿಲ್ಲ. ತಿರುವಿನಲ್ಲಿ ಆಡುತ್ತಿದ್ದ ಪುಟ್ಟ ಹುಡುಗಿಯೊಬ್ಬಳು ತಲೆ ಎತ್ತಿದಳು. ದಿನಾ ಇವರ ಕೈಯಿಂದ ಹಣ್ಣು ತಿಂದವಳು. ಕಂಡದ್ದು ಇವರ ಮುಖವಲ್ಲ, ತನ್ನ ತಲೆಯ ಮೇಲ್ಗಡೆ ಹೊಳೆಯುತ್ತಿದ್ದ ಚಾಕು. ಕಿಟಾರನೆ ಕಿರುಚಿ ಮನೆಯೊಳಕ್ಕೆ ಓಡಿದಳು, ಅವಳ ತಾಯಿ ಬಾಗಿಲು ಹಾಕಿಕೊಂಡಳು. ಚಿಲಕದ ಸದ್ದಾಯಿತು. “ನಾನು ಕಣವ್ವಾ, ಸೋಡಾ ತಾತ” ಎಂದು ಇವರು ಮುಚ್ಚಿದ ಬಾಗಿಲಿಗೆ ಹೇಳಿದರು.

ಮುಂದೆ ನಡೆದರೆ ಕಿರಿದಾದ ಬೀದಿಯಲ್ಲಿ ಎದುರಿಗೆ ಉಗ್ರಪ್ಪ. ಬಿಚ್ಚಿದ ಚಾಕು ಹಿಡಿದು ತನ್ನತ್ತಲೇ ಬರುತ್ತಿರುವ ಇವರನ್ನು ಕಂಡು ಅವನ ಕೈ ತಾನಾಗಿ ಮಚ್ಚಿನ ಹಿಡಿಗೆ ಹೋಯಿತು. ಎಳೆದುಕೊಂಡ. ಅಂಗಡಿಯವರು ಎದ್ದು ಬಾಗಿಲು ಎಳೆದರು. ಎರಡು ಬಿಚ್ಚಿದ ಅಲಗು, ನಡುವೆ ಎರಡು ಮಾರು ಜಾಗ. ಕಟ್ಟಳೆಯ ಪ್ರಕಾರ ಅಲ್ಲಿ ಆಯುಧವೇ ಇರಲಿಲ್ಲ! ನನ್ನ ಗಂಡ ಅಭ್ಯಾಸಬಲದಿಂದ ಕೈಮುಗಿಯಲು ಹೋದರು, ಕೈಯಲ್ಲಿ ಚಾಕು ಇರುವುದು ಮರೆತಿತ್ತು. ಅಂಗೈಗೆ ಅಲಗು ಇಳಿದು ರಕ್ತ ಜಿನುಗಿ ಅಂಗಿಯ ತೋಳಿಗೆ ಹರಿಯಿತು. “ನಮಸ್ಕಾರ ಸ್ವಾಮಿ” ಅಂದರು ಆಗಲೂ. ಉಗ್ರಪ್ಪ ಆ ರಕ್ತ ನೋಡಿದ, ಗೋಡೆಗೆ ಒತ್ತಿಕೊಂಡು ಪಕ್ಕದಲ್ಲಿ ದಾಟಿಕೊಂಡು ಹೋದ. ಅವನು ಯಾರಿಗಾದರೂ ದಾರಿ ಬಿಟ್ಟದ್ದನ್ನು ಊರು ಅವತ್ತೇ ಮೊದಲು ಕಂಡದ್ದು.

ಆ ಸಂಜೆ ಅಂಗಡಿಗೆ ಬಂದ ಕೆಲವರ ಮಾತಿನ ಧಾಟಿಯೇ ಬದಲಾಗಿತ್ತು. “ಉಗ್ರಪ್ಪನೇ ಹೆದರ್ಕಂಡ್ನಂತೆ! ಭಲೆ ರಂಗಪ್ಪಣ್ಣ!” ಎಂದು ಬೆನ್ನು ತಟ್ಟಿದರು. ಹಿಂದೆ ಉಗ್ರಪ್ಪನ ಮುಂದೆ ನಿಲ್ಲುತ್ತಿದ್ದ ಹಾಗೆ ಚೂರು ಬಾಗಿ ನಿಂತರು. ಮಕ್ಕಳು ಒಂದೂ ಬರಲಿಲ್ಲ. ನನ್ನ ಗಂಡ ಬಟ್ಟೆ ಸುತ್ತಿದ ಕೈಯಿಂದ ಚಾಕುವನ್ನು ಕಂಬದ ಮೊಳೆಗೆ ಸಿಕ್ಕಿಸಿ ಕಲ್ಲಿನ ಮೇಲೆ ಕೂತರು. ಬುಟ್ಟಿಯಲ್ಲಿ ಹಳದಿಗೆ ತಿರುಗಿದ ಸೀಬೆಹಣ್ಣು ಇತ್ತು, ಅದರ ಕಡೆ ನೋಡಲಿಲ್ಲ. ಗಿರಾಕಿಗಳು ಹೋದ ಮೇಲೆ, “ಆ ಮಗೀಗೆ ನಾನು ಯಾರು ಅಂತ ಗೊತ್ತಾಗ್ಲಿಲ್ಲ ಕಣೇ. ನಾನಿನ್ನು ಅದ್ನ ಮುಟ್ಟಕಿಲ್ಲ” ಅಂದರು. ಮುಟ್ಟಲಿಲ್ಲ. ನಿಂಬೆಹಣ್ಣು ಕುಯ್ಯುವುದಕ್ಕೆ ಪಕ್ಕದ ಹೋಟೆಲಿನಿಂದ ರಾಚವ್ವ ಬಂದು ಹೋಗುತ್ತಿದ್ದಳು. ಕೇಳುಮನೆ ಮಾಡದ ಬರಿಗೈಯನ್ನು ಇವರು ತಮಗೆ ತಾವೇ ಮಾಡಿಕೊಂಡರು. ಸಂಜೆಗಳಲ್ಲಿ ನಾವಿಬ್ಬರೂ ಬಸ್ಸುಗಳನ್ನು ನೋಡುತ್ತ ಕೂರುತ್ತಿದ್ದೆವು. ಹಣ್ಣು ಬುಟ್ಟಿಯಲ್ಲೇ ಕೊಳೆತು ನೊಣ ಮುತ್ತಿದವು.

ಆ ನೊಣಗಳನ್ನು ನೋಡುತ್ತ ನೋಡುತ್ತ ನನ್ನ ಸಿಟ್ಟು ಕೆನೆಗಟ್ಟಿತು. ಒಂದು ಬೆಳಿಗ್ಗೆ ಅಂಗಡಿಗೆ ಬಂದವಳೇ ಕಂಬದ ಮೊಳೆಯಿಂದ ಚಾಕು ಇಳಿಸಿಕೊಂಡೆ. ನಡುಗುವ ಕೈಯಲ್ಲಿ ಅದನ್ನು ಮಡಚುವುದು ಸುಲಭವಲ್ಲ. ತೊಡೆಗೆ ಒತ್ತಿ ಹಿಡಿದು, ದೇವರನ್ನು ನೆನೆದು, ಟಪ್ಪೆಂದು ಮಡಚಿದೆ. ಸೊಂಟಕ್ಕೆ ಸಿಕ್ಕಿಸಿ ಸೆರಗು ಬಿಗಿದೆ. ಗುಂಯ್. “ಏನೇ ಇದು, ಹುಚ್ಚು ಹಿಡಿತಾ?” ಎಂದು ಇವರು ಹಿಂದೆ ಬಂದರು. “ನೀವು ಅಂಗಡಿ ನೋಡ್ಕಳ್ರೀ” ಅಂದವಳು ಊರಿನ ನಡುಬೀದಿಯಲ್ಲಿ ಹೊರಟೆ. ಕಿಟಕಿಗಳು ತೆರೆದವು. ಸದ್ದಿಗೆ ಮಕ್ಕಳು ಓಡಿಬಂದು, ಸೋಡಾ ತಾತ ಎಲ್ಲಿ ಎಂದು ನನ್ನ ಹಿಂದೆ ಮುಂದೆ ಹುಡುಕಿದವು. ಸಣ್ಣಲಿಂಗ ಅಡ್ಡ ಬಂದು, “ತಾಯಕ್ಕ, ದಮ್ಮಯ್ಯ ಅಂತೀನಿ, ವಾಪಸ್ ಹೋಗ್ಬುಡಿ. ನಂಗೇನೂ ಕೇಳಿಸ್ಲಿಲ್ಲ ಅಂತೀನಿ” ಅಂದ. “ಕೇಳಿಸ್ತು ಅನ್ನು. ಅದ್ಕೇ ಬಂದಿರೋದು” ಎಂದು ಅವನನ್ನೂ ಕರೆದುಕೊಂಡೇ ಕೇಳುಮನೆಗೆ ಹೋದೆ.

ಪಂಚಾಕ್ಷರಯ್ಯನವರಿಗೆ ನನ್ನನ್ನು ಕಂಡೇ ತಲೆನೋವು ಬಂದಿರಬೇಕು. “ತಾಯಮ್ಮ, ನಿನ್ನ ಗಂಡನಿಗೆ ಹೇಳಿದ್ದೇ ನಿನಗೂ. ಬಿಚ್ಚಿಕೊಂಡು ಓಡಾಡು, ಯಾರೂ ಕೇಳೋದಿಲ್ಲ” ಅಂದರು. “ಆಗ್ಲಿ ಅಯ್ನೋರೇ” ಎಂದು ನಾನು ಅಲ್ಲೇ ಚಾಕು ಬಿಚ್ಚಿ ಕೈಯಲ್ಲಿ ಹಿಡಿದು ತೋರಿಸಿದೆ. ನನ್ನ ಕೈ ಗೊತ್ತಲ್ಲ. ಅಲಗು ಆ ಕಡೆ ಈ ಕಡೆ ಮೇಲೆ ಕೆಳಗೆ ಕುಣಿಯತೊಡಗಿತು. ಹತ್ತಿರ ನಿಂತವರು ಹಾರಿ ಹಿಂದೆ ಸರಿದರು. ತಲೆ ಆಡಿಸುವ ಹಿರಿಯರಲ್ಲಿ ಒಬ್ಬರು ಕುರ್ಚಿಯನ್ನೇ ಎತ್ತಿ ಅಡ್ಡ ಹಿಡಿದರು. “ಹಿಂಗೇ ಸಂತೆಬೀದೀಲಿ ಹೋಗ್ಲಾ?” ಅಂದೆ. “ಬೇಡ ಬೇಡ, ಮಡಚು, ಮಡಚು ತಾಯಿ!” ಎಂದು ಪಂಚಾಕ್ಷರಯ್ಯನವರೇ ಕೂಗಿದರು. ಮಡಚಿದೆ. ಗುಂಯ್ ಅಂದಿತು. ಅದನ್ನು ಅವರ ಮುಂದಿದ್ದ ಕಂಚಿನ ತಟ್ಟೆಯಲ್ಲಿಟ್ಟೆ.

ಅವರಿಗೆ ಬೇರೆ ದಾರಿ ಇರಲಿಲ್ಲ. ಬಿಚ್ಚು ಅನ್ನುವ ಹಾಗಿಲ್ಲ, ಮಡಚಿದರೆ ಕಟ್ಟಳೆ ಬಿಡುವುದಿಲ್ಲ. ನನಗೆ ಬರಿಗೈ ವಿಧಿಸಿದರು. ನನ್ನ ಬಲಗೈಗೆ ಬಿಳಿ ಬಟ್ಟೆಯನ್ನು ಸಣ್ಣಲಿಂಗನೇ ಕಟ್ಟಿದ. “ಇನ್ನು ಮೇಲೆ ನೀನು ಅಲಗು ಹಿಡಿದು ಕೆಲಸ ಮಾಡೋ ಹಾಗಿಲ್ಲ” ಎಂದು ಪಂಚಾಕ್ಷರಯ್ಯನವರು ಸಾರಿದರು. “ಈ ಕೈ ಅಲಗು ಹಿಡಿದು ಕೆಲ್ಸ ಮಾಡಿ ಎಷ್ಟು ವರ್ಸ ಆಯ್ತು ಕೇಳಿ ಅಯ್ನೋರೇ. ಇಲ್ದೇ ಇರೋದ್ನ ಕಿತ್ಕಂಡ್ರಿ” ಅಂದೆ. ತಟ್ಟೆಯಲ್ಲಿದ್ದ ಚಾಕುವನ್ನು ಅದೇ ಬಿಳಿ ಬಟ್ಟೆಯ ಕೈಯಿಂದ ಎತ್ತಿ ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಗುಂಯ್. “ಈಗ ಮತ್ತೆ ತಪ್ಪಾಯ್ತು. ಮುಂದಿನ ಸಿಕ್ಷೆ ಏನು ಹೇಳಿ.” ಬರಿಗೈಯವರು ಮತ್ತೊಮ್ಮೆ ಮಾಡಿದರೆ ಏನೆಂದು ಕಟ್ಟಳೆಯಲ್ಲಿ ಇಲ್ಲವೇ ಇಲ್ಲ. ಕಟ್ಟಿಸಿಕೊಂಡವರೆಲ್ಲ ತಲೆತಗ್ಗಿಸಿ ಮನೆ ಸೇರಿದ್ದರಲ್ಲ, ಯಾರೂ ಯೋಚಿಸಿರಲಿಲ್ಲ. ಯಾರೂ ಏನೂ ಅನ್ನದಿದ್ದಾಗ ಮನೆಗೆ ಬಂದೆ.

ಅವತ್ತಿನಿಂದ ಚಾಕು ನನ್ನ ಸೊಂಟದಲ್ಲಿದೆ. ಹೋದಲ್ಲೆಲ್ಲ ಗುಂಯ್ಗುಡುತ್ತದೆ. ಮಕ್ಕಳು ಮತ್ತೆ ಓಡಿಬಂದವು. ಆದರೆ ನನ್ನ ಗಂಡ ಮಾತ್ರ ಅದರ ಕಡೆ ಕೈ ಚಾಚಲಿಲ್ಲ. ಅಂಗೈಯ ಗಾಯ ಮಾಯ್ದಿತ್ತು, ಇನ್ನೊಂದು ಮಾಯ್ದಿರಲಿಲ್ಲ. ನಾನು ಪಕ್ಕದಲ್ಲಿ ಹಣ್ಣು ಇಟ್ಟರೆ ಎದ್ದು ಬಾಟಲಿ ತೊಳೆಯುವುದಕ್ಕೆ ಹೋಗುತ್ತಿದ್ದರು. ನನ್ನ ಕೈಯ ಬಿಳಿ ಬಟ್ಟೆ ಕಂಡಾಗ ಅವರ ಕಣ್ಣಲ್ಲಿ ನೀರು ನಿಲ್ಲುತ್ತಿತ್ತು. ಇಷ್ಟೆಲ್ಲ ಮಾಡಿ ನಾನು ಗೆದ್ದದ್ದೇನು ಎಂದು ನನಗೇ ಅನ್ನಿಸುತ್ತಿತ್ತು.

ಉಗ್ರಪ್ಪ ಮತ್ತೆ ಸಭೆ ಕರೆದ. ಅಂಗಡಿಸಾಲಿನ ಮಾತೇ. ಮಚ್ಚು ಬಿಚ್ಚಿ ಮೇಜಿನ ಮೇಲಿಟ್ಟ. “ಹೋದ್ ಸಲ ನಗೆಚಾಟ್ಕೇಲಿ ಕೆಲ್ಸ ನಿಂತೋಯ್ತು. ಈಗ ಹೇಳಿ, ಯಾರ್ಗೆ ಬ್ಯಾಡ?” ಅಂದ. ಈ ಸಲ ಎಲ್ಲರೂ ಎಚ್ಚರದಿಂದಿದ್ದರು, ಯಾರೂ ನಗುವ ಹಾಗಿರಲಿಲ್ಲ. ರಾಚವ್ವನೂ ತಲೆ ತಗ್ಗಿಸಿದ್ದಳು. ಮೌನದಲ್ಲಿ ನನ್ನ ಸೊಂಟ ಗುಂಯ್ ಅಂದಿತು. ಉಗ್ರಪ್ಪ ಮೇಜು ಗುದ್ದಿದ. “ಅದ್ನ ನಿಲ್ಸಮ್ಮೀ! ಬಿಚ್ಚಿ ಆಚೆ ಇಡು!”

“ನನ್ನ ಕೈ ಬರಿಗೈ ಸ್ವಾಮಿ. ನಾನು ಬಿಚ್ಚಂಗಿಲ್ಲ” ಎಂದು ಬಿಳಿ ಬಟ್ಟೆ ಎತ್ತಿ ತೋರಿಸಿದೆ. ಕೈ ಗಡಗಡ ನಡುಗುತ್ತಿತ್ತು. ಕಾಯಿಲೆಯ ನಡುಕವೇ ಎಂದು ಹೇಳಲಾರೆ, ನನಗೆ ಹೆದರಿಕೆಯೂ ಆಗಿತ್ತು. ಉಗ್ರಪ್ಪ ಮಚ್ಚು ಕೈಗೆತ್ತಿಕೊಂಡು ಮೇಜಿನ ಹಿಂದಿನಿಂದ ಹೊರಗೆ ಬಂದ.

ಗಂಡಸರ ಸಾಲಿನಿಂದ ಯಾರೋ ಎದ್ದರು. ತಿರುಗಿ ನೋಡಿದರೆ ನನ್ನ ಗಂಡ. ಸಾಲು ದಾಟಿಕೊಂಡು ನಿಧಾನವಾಗಿ ಬಂದು ನನ್ನ ಪಕ್ಕದಲ್ಲಿ ನೆಲದ ಮೇಲೆ ಕೂತರು. ಉಗ್ರಪ್ಪನನ್ನು ನೋಡಲಿಲ್ಲ. ನನ್ನ ಸೆರಗು ಸರಿಸಿ ಚಾಕು ತೆಗೆದುಕೊಂಡು ಬಿಚ್ಚಿದರು. ಗುಂಯ್ ಅನ್ನುವುದು ನಿಂತಿತು. ಇನ್ನೊಂದು ಕೈಯಿಂದ ಅಂಗಿಯ ಜೇಬಿನೊಳಗಿನಿಂದ ಒಂದು ಸೀಬೆಹಣ್ಣು ತೆಗೆದರು. ಅದನ್ನು ಅವರು ಯಾವಾಗ ಹಾಕಿಕೊಂಡಿದ್ದರೋ, ಎಷ್ಟು ದಿನದಿಂದ ಹಾಕಿಕೊಂಡು ಓಡಾಡುತ್ತಿದ್ದರೋ ನನಗೆ ಗೊತ್ತಿಲ್ಲ. ಆ ನಿಶ್ಶಬ್ದದಲ್ಲಿ ಅಲಗು ಹಣ್ಣಿನೊಳಗೆ ಇಳಿಯುವ ಸದ್ದು ಕೊನೆಯ ಸಾಲಿಗೂ ಕೇಳಿಸಿತು. ಬೀಜದ ತಿರುಳು ತೆಗೆದರು. ತೆಳ್ಳಗೆ ಒಂದು ಹೋಳು ಹೆಚ್ಚಿ, ಬೆಳಕಿಗೆ ಹಿಡಿದು ನೋಡಿ, ನನ್ನ ಬಾಯಿಗಿಟ್ಟರು. ಉಗ್ರಪ್ಪ ಮಚ್ಚು ಹಿಡಿದು ನಮ್ಮ ಮುಂದೆ ನಿಂತೇ ಇದ್ದ. ಆ ಸಭೆಯಲ್ಲಿ ಬಿಚ್ಚಿದ ಅಲಗು ಎರಡಿದ್ದವು. ಸಾಮಾನು ಯಾವುದು, ಆಯುಧ ಯಾವುದು ಎಂದು ಯಾರೂ ಯಾರನ್ನೂ ಕೇಳಬೇಕಾಗಲಿಲ್ಲ.

ಹೆಂಗಸರ ಕಡೆಯಿಂದ ರಾಚವ್ವ ಎದ್ದು ನಿಂತಳು. “ನಂಗೆ ಬ್ಯಾಡ. ಅಂಗಡಿಸಾಲು ಇದ್ದಂಗೇ ಇರ್ಲಿ” ಅಂದಳು, ಈ ಸಲ ನಗದೆ. ಅವಳ ಹಿಂದೆ ಸಣ್ಣಲಿಂಗ ಎದ್ದ. ಮಿಕ್ಕವರು ಒಬ್ಬೊಬ್ಬರಾಗಿ ಏಳುವ ಸದ್ದು ನನಗೆ ಕೇಳಿಸುತ್ತಿತ್ತು. ನಾನು ತಿರುಗಿ ನೋಡಲಿಲ್ಲ. ನನ್ನ ಗಂಡ ಎರಡನೆಯ ಹೋಳು ಹೆಚ್ಚುತ್ತಿದ್ದರು. ಉಪ್ಪುಕಾರ ಇರಲಿಲ್ಲ, ಹಣ್ಣು ಸ್ವಲ್ಪ ಕಾಯಿಯಾಗಿತ್ತು. ಆದರೂ ಪೂರ್ತಿ ತಿಂದೆ.